ದೀಪದ ಪಟ್ಟಿಗೆ ಅರ್ಧ ಇಂಚು ಮಾರ್ಜಿನ್

ಟೈಲರಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಈ ಇಪ್ಪತ್ತೆರಡು ವರ್ಷದಲ್ಲಿ ಅವರ ಮಾವ ಅಳಿಯನ ಕೈಯಲ್ಲಿ ಒಂದೇ ಒಂದು ಶರಟು ಹೊಲಿಸಿಕೊಂಡಿರಲಿಲ್ಲ. ಊರಿನವರೆಲ್ಲ ಅಳತೆ ಕೊಡಲು ಬಂದು ಬೆಂಚಿನ ಮೇಲೆ ಕಾದು ಕೂತರೆ, ಮಾವ ಮಾತ್ರ ರೆಡಿಮೇಡ್ ಶರಟು ಕೊಂಡು, ಅದನ್ನೇ ಹಾಕಿಕೊಂಡು ಮಗಳ ಮನೆಗೆ ಬರುತ್ತಿದ್ದರು. ಭುಜ ಎರಡು ಬೆರಳು ಕೆಳಗೆ ಜಾರಿರುತ್ತಿತ್ತು. ಕಾಲರು ತನಗೂ ಕುತ್ತಿಗೆಗೂ ಸಂಬಂಧವಿಲ್ಲವೆಂಬಂತೆ ನಿಂತಿರುತ್ತಿತ್ತು. ಅದನ್ನು ನೋಡುತ್ತಲೇ ಟೈಲರು ಎದುರಿಗೆ ಕೂತು ಕಾಫಿ ಕುಡಿಯಬೇಕಾಗಿತ್ತು. (ಕಾಫಿ ಚೆನ್ನಾಗಿಯೇ ಇರುತ್ತಿತ್ತು, ಅದರ ಬಗ್ಗೆ ದೂರಿಲ್ಲ.)

ಮಾವ ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಬಗೆಯ ಕೆಲಸ: ಶಾಕ್ ಹೊಡೆಯುವಂಥದ್ದು, ಶಾಕ್ ಹೊಡೆಯದಂಥದ್ದು. ಎರಡನೆಯದನ್ನು ಅವರು ಕೆಲಸವೆಂದೇ ಒಪ್ಪುತ್ತಿರಲಿಲ್ಲ. ಆ ಬಾಯಿಂದ ಒಂದು ಸಲ, ಬರೀ ಒಂದು ಸಲ, "ಭೇಷ್" ಎನ್ನಿಸಿಕೊಳ್ಳಬೇಕು ಎಂಬುದು ಟೈಲರ ಬಹುದಿನದ ಆಸೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮಾವ ಬರುತ್ತಾರೆಂದು ಗೊತ್ತಾದ ಕೂಡಲೇ ಅವರು ಪೇಟೆಗೆ ಹೋಗಿ ಎಲ್‌ಇಡಿ ದೀಪದ ಪಟ್ಟಿಯ ಒಂದು ಸುರುಳಿ ತಂದರು. ಹಾಲ್‌ನಲ್ಲಿರುವ ನಾಲ್ಕು ಹಲಗೆಯ ಶೆಲ್ಫಿಗೆ ತಾವೇ ದೀಪ ಹಾಕಿ, ಮಾವನನ್ನು ಅವರ ಅಖಾಡದಲ್ಲೇ ಚಿತ್ ಮಾಡುವುದು ಯೋಜನೆಯಾಗಿತ್ತು.

ಡಬ್ಬಿಯ ಮೇಲೆ "ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಹಾಕಬಹುದು" ಎಂದು ಬರೆದಿತ್ತು. ಪಟ್ಟಿಯ ಬೆನ್ನಿಗೆ ಅಂಟು ಇತ್ತು. ಮೇಲಿನ ಕಾಗದ ಕಿತ್ತು ಅಂಟಿಸುವುದು, ತುಂಡು ತುಂಡಿನ ನಡುವೆ ವೈರಿನ ಕ್ಲಿಪ್ಪು ಹಾಕುವುದು, ಪ್ಲಗ್ ಚುಚ್ಚುವುದು, ಇಷ್ಟೇ. ಅದಕ್ಕಿಂತ ಟೈಲರ ಮನಸ್ಸು ಗೆದ್ದದ್ದು ಇನ್ನೊಂದು ಸಂಗತಿ. ಪಟ್ಟಿಯ ಉದ್ದಕ್ಕೂ ಮೂರು ಮೂರು ದೀಪಕ್ಕೊಂದು ಗೆರೆ, ಗೆರೆಯ ಪಕ್ಕದಲ್ಲಿ ಪುಟ್ಟದೊಂದು ಕತ್ತರಿಯ ಚಿತ್ರ.

"ನೋಡೇ, ಕತ್ತರಿ! ಇದನ್ನ ಮಾಡಿದವನು ಯಾರೋ ನಮ್ಮವನೇ ಇರಬೇಕು" ಎಂದರು ಹೆಂಡತಿಗೆ.

ಹೆಂಡತಿ ಡಬ್ಬಿಯೊಳಗಿನ ಕಾಗದ ಬಿಡಿಸಿ ಓದುತ್ತಿದ್ದಳು. "ರೀ, ಗೆರೆ ಮೇಲೇನೇ ಕತ್ತರಿಸಬೇಕಂತೆ. ಕ್ಲಿಪ್ಪು ಕಚ್ಚೋ ತಾಮ್ರದ ಚುಕ್ಕೆ ಅಲ್ಲೇ ಇರೋದಂತೆ."

"ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ. ಈಗ ನನಗೆ ಕಾಗದ ಪಾಠ ಹೇಳ್ಬೇಕಾ?"

"ಕಾಗದ ಹೇಳ್ತಿಲ್ಲ, ನಾನು ಹೇಳ್ತಿದೀನಿ."

"ಗೆರೆ ಇರೋದು ಹೊಲಿಯೋದಕ್ಕೆ. ಕತ್ತರಿ ಹಾಕೋದು ಅದರಿಂದ ಅರ್ಧ ಇಂಚು ಆಚೆ. ಮಾರ್ಜಿನ್ ಬಿಡಬೇಡವಾ?"

"ಇದನ್ನ ಎಲ್ಲಿ ಹೊಲಿಯೋದಿದೆ?"

"ಹೊಲಿಯೋದಿಲ್ಲ, ಸರಿ. ನಾಳೆ ದಿನ ಸ್ವಲ್ಪ ಬಿಗಿ ಆಯ್ತು ಅನ್ಕೋ. ಆಗ ಬಿಚ್ಚಿ ಬಿಡೋಕೆ ಇರಬೇಕಲ್ಲ?"

"ಶೆಲ್ಫು ದಪ್ಪ ಆಗುತ್ತೇನ್ರೀ?"

ಟೈಲರು ಆಗಲೇ ಕತ್ತರಿ ಕೈಗೆತ್ತಿಕೊಂಡಿದ್ದರು. ಪಟ್ಟಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿ, ಎರಡು ತುದಿಗೂ ಒಂದೊಂದು ಇಸ್ತ್ರಿಪೆಟ್ಟಿಗೆಯ ಭಾರ ಇಟ್ಟು, ಸೀಮೆಸುಣ್ಣದಿಂದ ಗುರುತು ಹಾಕಿ, ದೊಡ್ಡ ಕತ್ತರಿಯಲ್ಲಿ ಚಕ್ ಚಕ್ಕೆಂದು ನಾಲ್ಕು ತುಂಡು ಮಾಡಿದರು. ಪ್ರತಿಯೊಂದೂ ಗೆರೆಯಿಂದ ಕರಾರುವಾಕ್ಕಾಗಿ ಅರ್ಧ ಇಂಚು ಆಚೆ. ಆಮೇಲೆ ಹಲಗೆಗೊಂದರಂತೆ ಅಂಟಿಸಿ, ಕ್ಲಿಪ್ಪು ಸಿಕ್ಕಿಸಿ, ಹೆಂಡತಿಯನ್ನು ಎದುರಿಗೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಸ್ವಿಚ್ ಒತ್ತಿದರು.

ಮೇಲಿನ ಹಲಗೆ ಬೆಳಗಿತು, ಕೊನೆಯ ಒಂದೆರಡು ದೀಪ ಬಿಟ್ಟು. ಕೆಳಗಿನ ಮೂರು ಹಲಗೆಗೆ ಈ ವಿಷಯವೇ ತಿಳಿದಂತಿರಲಿಲ್ಲ. ಟೈಲರು ಕ್ಲಿಪ್ಪು ಒತ್ತಿದರು, ತಿರುಗಿಸಿದರು, ಊದಿದರು, ಕೊನೆಗೆ ಬೈದರು. ದೀಪ ಯಾವುದಕ್ಕೂ ಜಗ್ಗಲಿಲ್ಲ.

"ಮಾರ್ಜಿನ್ ಬಿಚ್ಚಿ ನೋಡ್ತೀರಾ?" ಎಂದಳು ಹೆಂಡತಿ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಮಾವ ಒಂದು ಗಂಟೆ ಮುಂಚೆಯೇ ಬಂದಿದ್ದರು, ಹೊಸ ರೆಡಿಮೇಡ್ ಶರಟಿನಲ್ಲಿ. ಚಪ್ಪಲಿ ಬಿಡುವ ಮೊದಲೇ ಅವರ ಕಣ್ಣು ಶೆಲ್ಫಿನ ಮೇಲೆ ಬಿತ್ತು. ನೇರವಾಗಿ ಹೋಗಿ, ಎರಡನೇ ಹಲಗೆಯ ತುಂಡನ್ನು ಪರ್ರನೆ ಕಿತ್ತು, ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು.

"ಇದನ್ನ ಕತ್ತರಿಸಿದ್ದು ಯಾರು?"

ಟೈಲರ ಇಪ್ಪತ್ತೆರಡು ವರ್ಷದ ಆಸೆ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ನಿಮ್ಮ ಮಗಳು, ಮಾವ. ಬೇಡ ಅಂದ್ರೂ ಕೇಳಲಿಲ್ಲ."

ಹೆಂಡತಿ ಗಂಡನ ಕಡೆ ತಿರುಗಿ ನೋಡಿದಳು. ಡಬ್ಬಿಯ ಕಾಗದವನ್ನು ಮಡಿಸಿಟ್ಟಳು. ಟೈಲರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಆಡಿದ ಮಾತನ್ನು ವಾಪಸು ನುಂಗುವಷ್ಟು ಧೈರ್ಯ ಇರಲಿಲ್ಲ.

ಮಾವ ಉಳಿದ ತುಂಡುಗಳನ್ನೂ ಕಿತ್ತು ತಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು.

"ಜಾಗ ತಪ್ಪು" ಎಂದರು ಕೊನೆಗೆ. "ಜಾಗ ಯಾರಾದ್ರೂ ಹೇಳ್ಕೊಟ್ರೆ ಬರುತ್ತೆ. ಆದ್ರೆ ಈ ಕೈ ನೋಡು! ನಾಲ್ಕು ತುಂಡು, ನಾಲ್ಕೂ ಒಂದೇ ಅಳತೆ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿ ಇಲ್ಲ. ನಲವತ್ತು ವರ್ಷದಲ್ಲಿ ನಾನು ಇಷ್ಟು ನೇರ ಒಂದು ವೈರು ಕತ್ತರಿಸಿಲ್ಲ. ಭೇಷ್, ಮಗಳೇ, ಭೇಷ್!"

ಆ ಪದ ಎರಡು ಸಲ ಬಂತು. ಎರಡು ಸಲವೂ ಟೈಲರ ಕಿವಿಯ ಪಕ್ಕದಲ್ಲೇ ಹಾದು ಹೋಯಿತು.

"ಮಾವ, ಅದು ನಿಜ ಹೇಳ್ಬೇಕು ಅಂದ್ರೆ… ನಾನೇ…"

"ಸುಮ್ನಿರಿ ಅಳಿಯಂದ್ರೇ. ಅವಳು ಮಾಡಿದ್ದಕ್ಕೆ ನೀವು ಹೆಸರು ತಗೊಳ್ಳೋಕೆ ಬರಬೇಡಿ. ಬೈಸಿಕೊಳ್ಳೋವಾಗ ಅವಳು, ಹೊಗಳಿಸಿಕೊಳ್ಳೋವಾಗ ನೀವಾ?"

ಮಾವ ಮಾರ್ಜಿನ್ನನ್ನು ಕತ್ತರಿಸಿ ಎಸೆದು, ಕ್ಲಿಪ್ಪುಗಳನ್ನು ತಾಮ್ರದ ಚುಕ್ಕೆಗೆ ಕೂರಿಸಿದರು. ಏಳೇ ನಿಮಿಷದಲ್ಲಿ ನಾಲ್ಕೂ ಹಲಗೆ ಝಗ್ಗೆಂದವು. ಆ ಬೆಳಕಿನಲ್ಲಿ ಮಗಳನ್ನು ಹತ್ತಿರ ಕರೆದು, ಸ್ವಲ್ಪ ಸಂಕೋಚದಿಂದಲೇ ಹೇಳಿದರು:

"ಈ ಅಂಗಡಿ ಶರಟು ಹಾಕಿ ಹಾಕಿ ಸಾಕಾಗಿದೆ ಕಣಮ್ಮ. ಭುಜ ನಿಲ್ಲೋದಿಲ್ಲ. ಒಳ್ಳೆ ಕತ್ತರಿ ಕೈ ಸಿಕ್ಕಲಿ ಅಂತ ಇಷ್ಟು ವರ್ಷ ಕಾದೆ. ಅದು ಈ ಮನೇಲೇ ಇದೆ ಅಂತ ನನಗೇನು ಗೊತ್ತು? ನನಗೆ ಆರು ಶರಟು ಹೊಲಿದುಕೊಡ್ತೀಯಾ?"

"ಅದಕ್ಕೇನಪ್ಪ, ಹೊಲಿದ್ರಾಯ್ತು" ಎಂದಳು ಹೆಂಡತಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಆದ್ರೆ ಗುಂಡಿ ಹಾಕೋದಕ್ಕೆ ಯಾರಾದ್ರೂ ಬೇಕು."

ಮಾವ ಅಳಿಯನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಅಳಿಯಂದ್ರೇ, ಗುಂಡಿ ಹಾಕೋದು ನಿಮ್ಮ ಕೈಲಿ ಆಗುತ್ತಾ?"

"ಪ್ರಯತ್ನ ಮಾಡ್ತೀನಿ, ಮಾವ" ಎಂದರು ಟೈಲರು.