ಕ್ಯಾಮೆರಾದ ಮುಂದೆ ನಾನಂದ ‘ಆಹಾ’

ಯಾರೋ ಹೇಳಿದರು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬಾರದು ಎಂಬುದು ನಾನು ಸ್ವಂತ ದುಡಿಮೆಯಿಂದ ಸಂಪಾದಿಸಿದ ವಿದ್ಯೆ. ಶಾಲೆ ನನ್ನನ್ನು ಬೇಗನೆ ಕೈಬಿಟ್ಟಿತು. ಉಳಿದದ್ದನ್ನು ಲಿಂಬೆ ಗಿಡಗಳಿಗೆ ನೀರು ಹಾಯಿಸಿದ ಬಿಡುವಿನಲ್ಲಿ, ನಮ್ಮೂರು ಇಂಡಿಯ ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದಿಕೊಂಡೆ. ಹೀಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಶಾಸನವಿರಲಿ, ಪಂಚಾಂಗವಿರಲಿ, ಬೀಗರು ಹೇಳುವ ಕ್ಷೇಮಸಮಾಚಾರವೇ ಇರಲಿ, ‘ಇದಕ್ಕೆ ಆಧಾರವೇನು?’ ಎಂದು ಕೇಳದೆ ಅವನು ಮುಂದೆ ಸಾಗಲಾರ. ಅಂಥವನ ಮನೆಗೆ ಟಿ.ವಿ. ಬಂದರೆ ಏನಾಗಬೇಕೋ ಅದು ನಮ್ಮಲ್ಲಿ ದಿನಾಲೂ ಆಗುತ್ತಿದೆ.

ಧಾರಾವಾಹಿಯ ಸೊಸೆ ರೇಷ್ಮೆ ಸೀರೆ, ಸೊಂಟದ ಡಾಬುಗಳ ಸಮೇತ ಮಲಗುತ್ತಾಳೆ. ಮಗ್ಗುಲು ಬದಲಿಸಿದರೆ ಚುಚ್ಚುವುದಿಲ್ಲವೇ? ಅತ್ತೆ ಹಾಲಿಗೆ ವಿಷ ಬೆರೆಸುತ್ತಾಳೆ, ಭಯಂಕರವೇ ಸರಿ. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಇದುವರೆಗೆ ಯಾರೊಬ್ಬರೂ ಕಸ ಗುಡಿಸದಿರುವುದು ನನಗೆ ಅದಕ್ಕಿಂತ ಭಯಂಕರವಾಗಿ ಕಂಡಿದೆ. ಕೊಲೆಗಾರನನ್ನು ಹುಡುಕುವ ಸರಣಿಯಲ್ಲಿ ಅಧಿಕಾರಿಗಳು ಕತ್ತಲ ಕೋಣೆಗೆ ನುಗ್ಗಿ ಬ್ಯಾಟರಿ ಬೆಳಕಿನಲ್ಲಿ ತಡಕಾಡುತ್ತಾರೆ. ದೀಪದ ಗುಂಡಿ ಬಾಗಿಲ ಪಕ್ಕದಲ್ಲೇ ಇರುತ್ತದೆ. ಮೊನ್ನೆ ಒಂದು ಸಿನಿಮಾದ ನಾಯಕ ದ್ರಾಕ್ಷಿ ತೋಟದಲ್ಲಿ ಖಳರನ್ನು ಹೊಡೆದುರುಳಿಸಿದ. ಎಷ್ಟು ಜನ ಬಿದ್ದರೆಂಬುದು ನನ್ನ ತಕರಾರಲ್ಲ. ಅಂಥ ಹೊಡೆದಾಟದಲ್ಲೂ ಚಪ್ಪರದಿಂದ ಒಂದು ಹಣ್ಣೂ ಉದುರಲಿಲ್ಲವೆಂಬುದನ್ನು ಕಂಡು ನಾನು ದಿಗ್ಭ್ರಮೆಯಿಂದ ಎದ್ದು ನಿಂತುಬಿಟ್ಟೆ.

“ರೀ, ಕುಂಡ್ರಿ. ನಿಮ್ಮ ಬೆನ್ನ ನೋಡಾಕ ನಾ ಟಿ.ವಿ. ಹಚ್ಚಿಲ್ಲ,” ಎಂದಳು ಮನೆಯಾಕೆ. “ನಿಮ್ಮ ವಕೀಲಕಿ ಏನಿದ್ರೂ ಜಾಹೀರಾತು ಬಂದಾಗ ಮಾಡ್ರಿ.”

ನಾವಿಬ್ಬರೂ ಒಂದೇ ವಿಷಯಕ್ಕೆ ಬೆಚ್ಚಿಬಿದ್ದದ್ದು ಒಮ್ಮೆ ಮಾತ್ರ. ಆಕೆ ತಪ್ಪದೆ ನೋಡುವ ಮಧ್ಯಾಹ್ನದ ಅಡುಗೆ ಕಾರ್ಯಕ್ರಮದಲ್ಲಿ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದ ಲಟ್ಟಿಸಿದಳು! ನಮ್ಮ ಸೀಮೆಯಲ್ಲಿ ರೊಟ್ಟಿಯನ್ನು ಅಂಗೈಯಿಂದ ಬಡಿಯುತ್ತಾರೆ. “ಅಯ್ಯ ಶಿವನ, ಇದೇನ ರೊಟ್ಟಿನೋ ಚಪಾತಿನೋ!” ಎಂದು ಮನೆಯಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಆವೇಶದಲ್ಲಿಯೇ ಒಳಗೆ ಹೋಗಿ ಹಿಟ್ಟು ನಾದಿ, ಟಪಟಪನೆ ರೊಟ್ಟಿ ಬಡಿದಳು. ಸಿಂದಗಿಯಿಂದ ಬಂದಿದ್ದ ಮಗಳು ಸುವರ್ಣಾ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಆ ಕಾರ್ಯಕ್ರಮದವರಿಗೇ ಕಳಿಸಿದಳು. ಆಶ್ಚರ್ಯವೆಂದರೆ, ಅವರು ಇಂಡಿಗೇ ಬರುತ್ತೇವೆಂದು ಫೋನು ಮಾಡಿದರು.

ಮನೆಯಾಕೆ ನನ್ನೆದುರು ಬಂದು ಕುಳಿತಳು. “ನಾ ನಿಮಗ ಇದು ಬೇಕು, ಅದು ಬೇಕು ಅಂದಾಕಿ ಅಲ್ಲ. ಟಿ.ವಿ.ದಾಗ ಒಮ್ಮೆ ಬರಬೇಕಂತ ಆಸೆ ಐತಿ. ಅವತ್ತೊಂದಿನ ಆಧಾರ ಕೇಳಬ್ಯಾಡ್ರಿ.” ನಾನು ಮಾತು ಕೊಟ್ಟೆ.

ಕೊಟ್ಟ ಮಾತು ಎಷ್ಟು ಭಾರವೆಂದು ಟಿ.ವಿ.ಯವರು ಬಂದ ದಿನ ತಿಳಿಯಿತು. ಆಕೆಯ ಗ್ಯಾಸಿನ ಒಲೆ ಹಳ್ಳಿಯದಾಗಿ ಕಾಣುವುದಿಲ್ಲವೆಂದು ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಕಟ್ಟಿಗೆಯ ಒಲೆ ಹೂಡಿದರು. ಸುಮ್ಮನಿದ್ದೆ. ರೊಟ್ಟಿ ಬಿಳಿಜೋಳದ್ದಾದರೂ ನಮ್ಮ ತಲೆಬಾಗಿಲಿಗೆ ಮೆಕ್ಕೆಜೋಳದ ತೆನೆಗಳ ತೋರಣ ಕಟ್ಟಿದರು. ಬೆವರು ಒರೆಸಿಕೊಂಡೆ. ಆಕೆ ಮಾತ್ರ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಚಂದ್ರನಂಥ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ ನಿರ್ದೇಶಕನೆಂಬ ತರುಣ ನನ್ನನ್ನು ತಾಟಿನ ಮುಂದೆ ಕೂರಿಸಿದ.

“ಅಜ್ಜಾ, ಮೊದಲನೇ ಸಲ ತಿಂತಿದ್ದೀರ ಅನ್ನೋ ಹಾಗೆ ಮುಖ ಅರಳಬೇಕು.”

ಮದುವೆಯಾದಂದಿನಿಂದ ತಿನ್ನುತ್ತಿರುವ ರೊಟ್ಟಿ! ಗಂಟಲಿಗೆ ಬಂದ ಪ್ರಶ್ನೆಯನ್ನು ಎಣ್ಣೆಗಾಯಿಯ ಜೊತೆಗೆ ನುಂಗಿದೆ. ಮುಖ ಅರಳಲಿಲ್ಲ. ಮತ್ತೆ ತಿನ್ನಿಸಿದ, ಮತ್ತೆ ಅರಳಲಿಲ್ಲ. “ಸಾವಿನ ಮನೇಲಿ ಕೂತಂಗಿದೆ ಅಜ್ಜಾ,” ಎಂದ. ಆಮೇಲೆ ಕ್ಯಾಮೆರಾದವನತ್ತ ತಿರುಗಿ ತಗ್ಗಿದ ದನಿಯಲ್ಲಿ, “ಇದು ಬರದಿದ್ರೆ ಈ ಮನೆ ಭಾಗಾನೇ ಬಿಡೋಣ,” ಎಂದ.

ಅದು ಆಕೆಯ ಕಿವಿಗೂ ಬಿತ್ತು. ಹಿಟ್ಟು ಮೆತ್ತಿದ ಕೈ ಹಾಗೆಯೇ ನಿಂತಿತು. ಆಕೆ ನನ್ನನ್ನು ನೋಡಿದಳು, ಅಷ್ಟೆ.

ನಾನು ತುತ್ತು ಬಾಯಿಗಿಟ್ಟೆ. ಕಣ್ಣು ಮುಚ್ಚಿದೆ. ತಲೆದೂಗಿದೆ. “ಆಹಾ!” ಎಂದೆ. ಅಷ್ಟೇ ಅಲ್ಲ, “ಇಂಥಾ ಕೈ ಯಾರಿಗೈತ್ರಿ!” ಎಂದು ಯಾರೂ ಹೇಳಿಕೊಡದ ಮಾತನ್ನೂ ಸೇರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಿಂತ ಹೆಚ್ಚು ಬೆರಗಾದವಳು ನನ್ನ ಹೆಂಡತಿ.

ಪ್ರಸಾರವಾದ ದಿನ ಮುದ್ದೇಬಿಹಾಳದ ತವರಿನವರು ಆಕೆಗೆ ಫೋನಿನಲ್ಲಿಯೇ ಆರತಿ ಎತ್ತಿದರು. ಬಾಗೇವಾಡಿಯಿಂದ ನನ್ನ ತಂಗಿ, “ಅಣ್ಣಾ, ಅತ್ತಿಗೀನ ಇಷ್ಟ ಹೊಗಳಾಂವ ಅಂತ ಗೊತ್ತಿರಲಿಲ್ಲೋ!” ಎಂದು ಬಿದ್ದು ಬಿದ್ದು ನಕ್ಕಳು. ಮನೆಯಾಕೆಯ ಮುಖದಲ್ಲಿ ಹೊಸ ಕಳೆಯೇನೋ ಬಂದಿತ್ತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಸತ್ಯನಿಷ್ಠೆಯ ಹುಮ್ಮಸ್ಸಿನಲ್ಲಿ, “ಅದೆಲ್ಲಾ ಬರೇ ನಟನಾ. ಟಿ.ವಿ.ದಾಗ ಖರೇ ಅನ್ನೂದು ಏನೂ ಇರಂಗಿಲ್ಲ,” ಎಂದುಬಿಟ್ಟೆ. ಆಕೆ ಟಿ.ವಿ. ಆರಿಸಿ ಒಳಗೆ ಹೋದಳು.

ನಿನ್ನೆ ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯ. ಯಾರ ಒತ್ತಾಯವೂ ಇಲ್ಲದೆ, ಕಣ್ಣು ತೆರೆದುಕೊಂಡೇ, “ರೊಟ್ಟಿ ಭಾಳ ಛಲೋ ಆಗ್ಯಾವ,” ಎಂದೆ. ಜನ್ಮದಲ್ಲಿ ನಾನಾಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಅದು.

ಆಕೆ ಸುತ್ತಲೂ ಒಮ್ಮೆ ಕಣ್ಣು ಹಾಯಿಸಿದಳು. “ಕ್ಯಾಮೆರಾ ಎಲ್ಲಿ ಇಟ್ಟೀರಿ?”

“ಇಲ್ಲ ಮಾರಾಯ್ತಿ, ಖರೇನ ಹೇಳಾಕತ್ತೇನಿ!”

“ಹೌದ್ರಿ? ಆಧಾರ ಏನೈತಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಕೆ ಒಲೆಯ ಕಡೆ ತಿರುಗಿದಳು.