ಮಿಲ್ಲು ನೋಡುವ ಶಾಸ್ತ್ರ

ಇಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಕೆಂಪಸಿದ್ದಯ್ಯನ ನಾಲಿಗೆಗೆ ಅಂಟಿಕೊಂಡಿದ್ದ ಒಂದೇ ಮಾತು: "ನೀವೂ ಒಂದ್ಸಲ ಬಂದು ನೋಡ್ಬುಡಿ." ಮಳವಳ್ಳಿಯ ಸುತ್ತಮುತ್ತ ಹೆಣ್ಣು ಗಂಡು ಕೂಡಿಸುತ್ತಲೇ ತಲೆ ನರೆತ ದಲ್ಲಾಳಿ ಅವನು. ಬೇಡವೆಂದರೂ ಆ ಮಾತು ತಾನಾಗಿ ಬಂದುಬಿಡುತ್ತಿತ್ತು.

ಊರೂರು ತಿರುಗಿ ಅವನ ಮಂಡಿ ಸವೆದಿತ್ತು. ಅದೇ ಹೊತ್ತಿಗೆ, ಯುದ್ಧದ ಕಾಲದಲ್ಲಿ, ನಯಾಜ್ ಪಾಷಾ ಸಾಹೇಬರ ಅಕ್ಕಿ ಮಿಲ್ಲಿನ ಎಂಜಿನ್ ಡ್ರೈವರ್ ಹೇಳದೆ ಕೇಳದೆ ಬೆಂಗಳೂರಿಗೆ ಓಡಿಹೋದ. ಅಕ್ಕಿ ಕೇರುವ ಹೆಂಗಸರೂ ಮುನಿಸಿಕೊಂಡು ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದರು. ಹೆಣ್ಣು ಹುಡುಕುವವನು ಆಳು ಹುಡುಕಲಾರನೇ ಎಂದುಕೊಂಡ ಸಾಹೇಬರು ಕೆಂಪಸಿದ್ದಯ್ಯನನ್ನು ಕರೆಸಿ, ಆಳುಗಳನ್ನು ಆರಿಸಿ ಸಂಭಾಳಿಸುವ ಗುಮಾಸ್ತನ ಕೆಲಸ ಕೊಡುವುದಾಗಿ ಹೇಳಿದರು. ಆಫೀಸಿನಲ್ಲಿ ಕೂರಲು ಕುರ್ಚಿ, ತಿಂಗಳ ಸಂಬಳ. ಷರತ್ತು ಒಂದೇ: ನಾಳೆ ಸಂಜೆಯೊಳಗೆ ಎಂಜಿನ್ ತಿರುಗಬೇಕು.

ಮರುದಿನ ಬೆಳಿಗ್ಗೆ ಹೆಂಡತಿ ಹೊಂಬಾಳಮ್ಮ ಅವನ ಮಂಡಿಗೆ ಹರಳೆಣ್ಣೆ ತಿಕ್ಕುತ್ತ, "ಆ ಕುರ್ಚಿ ಒಂದು ಸಿಕ್ಬುಟ್ರೆ ಸಾಕು. ನೆಳ್ಳಲ್ಲಿ ಕುಂತಿರಿ. ನಂಗಿನ್ನೇನೂ ಬ್ಯಾಡ" ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಕೆಂಪಸಿದ್ದಯ್ಯ ಪಂಚೆ ಕೊಡವಿ ಎದ್ದ.

ಮೊದಲ ಬಸ್ಸಿಗೇ ಬೆಳಕವಾಡಿಗೆ ಹೋದ. ಅಲ್ಲಿ ಕರಿಯಪ್ಪ ಎಂಬ ಹುಡುಗ ಕಬ್ಬಿನ ತೋಟದ ನೀರೆತ್ತುವ ಎಂಜಿನ್ ನಡೆಸುತ್ತಿದ್ದನಂತೆ. ಜಗಲಿಯಲ್ಲಿ ಕೂತು, ಅವನ ತಾಯಿ ದೇವಿರಮ್ಮನ ಮುಂದೆ ವಿಚಾರಣೆ ಶುರುಮಾಡಿದ.

"ಉಡ್ಗಂಗೆ ಬೀಡಿ ಗೀಡಿ?"

"ಇಲ್ಲ ಕಣಯ್ಯ."

"ಮದ್ಲುನ್ ಎಂಜಿನ್ ಯಾಕ್ ಬುಟ್ಬುಟ್ಟ?"

"ಅವ್ನ್ ಬುಡ್ಲಿಲ್ಲ. ಅದೇ ಸತ್ತೋಯ್ತು."

"ಪಾಪ" ಎಂದು ಲೊಚಗುಟ್ಟಿದ ಕೆಂಪಸಿದ್ದಯ್ಯ, ಕೂಡಲೇ ಹಳೆಯ ಅಭ್ಯಾಸದಂತೆ ಮಿಲ್ಲನ್ನು ಹೊಗಳತೊಡಗಿದ. "ಸಾಹೇಬ್ರು ಬಾಯಿ ಸತ್ತವ್ರು. ಬೈಯಾದೇ ಗೊತ್ತಿಲ್ಲ. ನಮ್ ಕಡೆಯಿಂದ ಒಪ್ಗೆ. ನೀವೂ ಒಂದ್ಸಲ ಬಂದು ನೋಡ್ಬುಡಿ."

"ಅದೇ ಸರಿ. ನೀ ಮುಂದೆ ನಡಿ, ಉಡ್ಗನ್ನ ಕರ್ಕೊಂಡ್ ಬತ್ತೀನಿ" ಎಂದಳು ದೇವಿರಮ್ಮ.

ಮಧ್ಯಾಹ್ನ ಮಿಲ್ಲಿನ ಮುಂದೆ ಎತ್ತಿನ ಗಾಡಿ ನಿಂತಿತು. ಕರಿಯಪ್ಪ ಇಳಿದ. ಹಿಂದೆಯೇ ದೇವಿರಮ್ಮ, ಅವಳ ಮೈದುನ, ಇಬ್ಬರು ಓರಗಿತ್ತಿಯರು, ಎಲೆ ಅಡಿಕೆ ಬಾಳೆಹಣ್ಣಿನ ತಟ್ಟೆ.

"ನಾನು ಕೇಳಿದ್ದು ಒಬ್ಬ ಡ್ರೈವರ್! ಇದೇನಯ್ಯ ದಿಬ್ಬಣ?" ಎಂದರು ಸಾಹೇಬರು.

"ಮಿಲ್ಲು ನೋಡಕ್ ಬಂದವ್ರೆ, ಸಾಹೇಬ್ರೇ" ಎಂದ ಕೆಂಪಸಿದ್ದಯ್ಯ.

ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡುವ ಜಾಯಮಾನ ಸಾಹೇಬರದ್ದಲ್ಲ. ಚಹಾ ತರಿಸಿದರು. ದೇವಿರಮ್ಮ ಮಾತ್ರ ಕೂರಲಿಲ್ಲ. ಬಾವಿಗೆ ಬಗ್ಗಿ ನೀರು ನೋಡಿದಳು, ಎಂಜಿನ್ ಮನೆಯ ಸೂರು ನೋಡಿದಳು, ಬಿಸಿಲಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದ ಕೇರುವ ಹೆಂಗಸರನ್ನು ನೋಡಿದಳು.

"ಇಂದ್ಲು ಡ್ರೈವರ್ ಯಾಕ್ ಓಡೋದ?"

ಸಾಹೇಬರು ಸೂರು ನೋಡಿದರು. "ಸ್ವಲ್ಪ ಬೈದೆನಮ್ಮ."

"ಸ್ವಲ್ಪಾನಾ?" ಎಂದು ಕೇರುವ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ದೇವಿರಮ್ಮ ದಲ್ಲಾಳಿಯ ಕಡೆ ತಿರುಗಿದಳು. "ಬಾಯಿ ಸತ್ತವ್ರು ಅಂದ್ಯಲ್ಲಯ್ಯ?" ಭೂಮಿ ಬಾಯಿ ಬಿಡಬಾರದೇ ಎನಿಸಿತು ಕೆಂಪಸಿದ್ದಯ್ಯನಿಗೆ. ಕುರ್ಚಿ ಕೈತಪ್ಪಿತು ಎಂದುಕೊಂಡ.

"ನೋಡಿ ಸಾಬ್ರೇ, ನನ್ ಮಗನ್ನ ಬೈದ್ರೆ ಮಾರ್ನೆ ದಿನ ಬಂದು ಕರ್ಕೊಂಡ್ ಓಯ್ತೀನಿ."

"ಬೈಯಲ್ಲಮ್ಮ."

"ಈ ಎಣ್ಮಕ್ಳನ್ನೂ ಬೈಬಾರ್ದು. ಉಣ್ಣಕ್ಕೆ ಒಂದ್ ಚಪ್ಪರ ಆಕ್ಸಿ."

"ಆಯ್ತಮ್ಮ" ಎಂದರು ಸಾಹೇಬರು. ಅವರ ಅಮ್ಮ ತೀರಿಕೊಂಡ ಮೇಲೆ ಹೀಗೆ ಗದರಿಸಿದವರು ಯಾರೂ ಇರಲಿಲ್ಲ. ಏಕೋ ಹಿತವೇ ಆಯಿತು.

ಗಂಟು ಕಟ್ಟಿಕೊಂಡು ಹೊರಟಿದ್ದ ಇಬ್ಬರು ಹೆಂಗಸರು ಗಂಟು ಇಳಿಸಿ ಮತ್ತೆ ಮೊರ ಹಿಡಿದರು. ಒಳಗೆ ಕರಿಯಪ್ಪ ತಿರುಗಿಸಿದ ಎಂಜಿನ್ ಕೆಮ್ಮಿತು, ಸೀನಿತು, ಕೊನೆಗೆ ಡಗಡಗ ಎಂದು ಓಡತೊಡಗಿತು. ಹೊಂಬಾಳಮ್ಮನ ಮುಖ ನೆನೆದು ಕೆಂಪಸಿದ್ದಯ್ಯನ ಕಣ್ಣು ತೇವವಾಯಿತು.

ಸಾಹೇಬರು ಅವನ ಬೆನ್ನು ತಟ್ಟಿದರು. "ನಿನ್ನ ಕೆಲಸ ಖಾಯಂ ಕಣಯ್ಯ. ಎಂಥವರನ್ನ ಹುಡುಕಿ ತಂದೆ! ಆ ತಾಯಿ ಮಗನ ಜೊತೆ ಇಲ್ಲೇ ಇರ್ತಾರಂತೆ. ಆಫೀಸಿನ ಕುರ್ಚಿಯಲ್ಲಿ ಕೂತು ಆಳು ಆರಿಸೋದು, ಸಮಾಧಾನ ಮಾಡೋದು ಇನ್ನು ಅವರದ್ದು. ಊರೂರು ತಿರುಗಿ ಆಳು ಕರ್ಕೊಂಡು ಬರೋದು ನಿಂದು. ನಾಳೆ ಆತಗೂರು, ನಾಳಿದ್ದು ಸೋಮನಹಳ್ಳಿ."

ಮದುವೆ ದಲ್ಲಾಳಿಗೆ ಆಷಾಢದಲ್ಲಾದರೂ ಕಾಲಿಗೆ ಬಿಡುವಿತ್ತು. ಮಿಲ್ಲಿಗೆ ಆಷಾಢವೆಲ್ಲಿಯದು?

ಸಂಜೆ ಹೊಂಬಾಳಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಎಂಜಿನ್ ಸದ್ದು ಇಲ್ಲಿಗಂಟ ಕೇಳುಸ್ತು! ಕೆಲ್ಸ ಆಯ್ತಾ?"

"ಆಯ್ತು ಕಣಮ್ಮಿ."

ಅವಳ ಮುಖ ಹಬ್ಬದ ದಿನದಂತಾಯಿತು. ಅದನ್ನು ಕೆಡಿಸಲು ಅವನಿಗೆ ಮನಸ್ಸೇ ಬರಲಿಲ್ಲ.

"ಕುರ್ಚಿ ಎಂಗದೆ? ಕುಂತ್ರೆ ಸುಕ್ವಾಗದಾ?"

ಕೆಂಪಸಿದ್ದಯ್ಯ ಮಂಡಿ ಹಿಡಿದುಕೊಂಡು ಮೆಲ್ಲಗೆ ಜಗಲಿಯ ಮೇಲೆ ಕುಸಿದ.

"ದೇವಿರಮ್ಮನ್ನ ಕೇಳ್ಬೇಕು."