ಮೂರನೆಯ ಮಾವಿನಹಣ್ಣು

ಚಟ ಎಂದರೆ ಬೀಡಿ, ಇಸ್ಪೀಟು ಎಂದು ತಿಳಿದು ನಲವತ್ತಾರು ವರ್ಷ ನೆಮ್ಮದಿಯಿಂದ ಇದ್ದವನು ನಾನು. ನನ್ನನ್ನು ಕೆಡಿಸಿದ್ದು ಮಾವಿನಹಣ್ಣು. ಮೊಬೈಲಿನಲ್ಲಿ ಒಂದು ಆಟ. ಗುಂಡಿ ಒತ್ತಿದರೆ ಮೂರು ಪಟ್ಟಿಗಳು ಗರಗರ ತಿರುಗುತ್ತವೆ. ಮೂರರಲ್ಲೂ ಮಾವು ನಿಂತರೆ ಚಿನ್ನದ ನಾಣ್ಯಗಳ ಮಳೆ. ಆ ನಾಣ್ಯಕ್ಕೆ ಅರ್ಧ ಚಹಾ ಕೂಡ ಬರುವುದಿಲ್ಲ. ಮೊದಲ ಮಾವು ನಿಲ್ಲುತ್ತದೆ, ಎರಡನೆಯದೂ ನಿಲ್ಲುತ್ತದೆ, ಮೂರನೆಯದು ಅರ್ಧ ಮುಖ ತೋರಿಸಿ ಜಾರಿಬಿಡುತ್ತದೆ. ಪೂರ್ತಿ ಸೋತಿದ್ದರೆ ಎಂದೋ ಬಿಡುತ್ತಿದ್ದೆ. ಈ ‘ಇನ್ನೇನು ಬಂತು’ ಇದೆಯಲ್ಲ, ಅದು ಮನುಷ್ಯನನ್ನು ಏಳಗೊಡುವುದಿಲ್ಲ. ಇಷ್ಟಕ್ಕೂ ಕಾರ್ಖಾನೆಯಲ್ಲಿ ನನ್ನ ಕೆಲಸ ತಪಾಸಣೆ. ಕೂದಲೆಳೆಯಷ್ಟು ಕಡಿಮೆಯಿದ್ದರೂ ಬೇರಿಂಗನ್ನು ಕೆಂಪು ಡಬ್ಬಿಗೆ ಎಸೆಯುವ ನಿರ್ದಯಿ ಎಂದು ಹೆಸರು ಮಾಡಿದ್ದೇನೆ.

ಕಳೆದ ತಿಂಗಳು ಅವ್ವ ಧಾರವಾಡದಿಂದ ಒಬ್ಬಳೇ ಬಸ್ಸಿನಲ್ಲಿ ನನ್ನ ಮನೆಗೆ ಹೊರಟಳು. ಅವಳಿಗೆ ನಾನಿರುವ ಊರಿನ ಮರಾಠಿ ಬಾರದು, ಮೇಲೆ ಸಕ್ಕರೆ ಕಾಯಿಲೆ. “ಘಾಟ ಇಳದ ಕೂಡಲೆ ಫೋನ್ ಮಾಡ್ತೀನಿ, ನೀ ಆಗ ಕಾತ್ರಜ ಬಸ್‌ಸ್ಟಾಪಿಗೆ ಹೊಂಟ್ರ ಸಾಕು” ಎಂದಿದ್ದಳು. ಅವಳಿಗೆ ಹೇಳದೆ ಅರ್ಧ ದಿನ ರಜೆ ಹಾಕಿ, ಸ್ಕೂಟರಿನ ಕೀಲಿ ಹಿಡಿದುಕೊಂಡು ಕೋಥರೂಡದ ಮನೆಯಲ್ಲಿ ಕುಳಿತೆ. ಸುಮ್ಮನೆ ಕೂರುವುದೇಕೆಂದು ಗುಂಡಿ ಒತ್ತಿದೆ. ಎರಡು ಮಾವು ನಿಂತವು. ಮೂರನೆಯದು ನಿಧಾನವಾಗುತ್ತಿದ್ದಾಗ ಪರದೆಯ ಮೇಲೆ ಏನೋ ಅಡ್ಡ ಬಂತು. ಹೆಬ್ಬೆರಳಿನಿಂದ ಅತ್ತ ಸರಿಸಿದೆ. ಮಾವು ಜಾರಿತು. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಹೊಳೆಯಿತು: ನಾನು ಸರಿಸಿದ್ದು ಅವ್ವನ ಕರೆಯನ್ನು.

ತಿರುಗಿ ಮಾಡಿದರೆ ಅವಳ ಫೋನ್ ಬಂದ್. ಸ್ಕೂಟರ್ ಹತ್ತಿ ಓಡಿದೆ. ದಾರಿಯುದ್ದಕ್ಕೂ ಸಿಗ್ನಲ್ಲುಗಳೆಲ್ಲ ಕೆಂಪು. ಕಾತ್ರಜ ಮುಟ್ಟುವಾಗ ಬಸ್ಸು ಹೋಗಿಯಾಗಿತ್ತು, ಅವ್ವ ಇರಲಿಲ್ಲ. ಕೇಳಿದರೆ ರಿಕ್ಷಾದವನೊಬ್ಬ “ಇಥಂಚ್ ಹೋತ್ಯಾ ಆಜೀ” ಎಂದ. ಅಜ್ಜಿ ಇಲ್ಲೇ ಇದ್ದರಂತೆ! ಇದ್ದರು ಎಂದರೆ ಈಗ ಇಲ್ಲ ಎಂದು ತಾನೆ? ಹೆದ್ದಾರಿಯ ಲಾರಿಗಳ ನಡುವೆ ಅವಳನ್ನು ಹುಡುಕಿದೆ. ದೇವರನ್ನು ಅಷ್ಟು ಪ್ರಾಮಾಣಿಕವಾಗಿ ಎಂದೂ ಕರೆದವನಲ್ಲ ನಾನು.

ರಸ್ತೆಯಾಚೆಯ ಉಡುಪಿ ಹೋಟೆಲಿನ ಮಾಲೀಕರು ಕೈಬೀಸಿ ಕರೆದರು. “ಧಾರವಾಡದ ಅಮ್ಮನ ಮಗ ನೀವೇನಾ ಮಾರಾಯ್ರೆ? ತಲೆ ತಿರುಗ್ತದೆ ಅಂದ್ರು, ಒಳಗೆ ಕೂರಿಸಿ ಇಡ್ಲಿ ಕೊಟ್ಟೆ. ನಿಮಗೆ ಆಫೀಸಲ್ಲಿ ಭಾರೀ ಜವಾಬ್ದಾರಿಯಂತೆ, ಹೌದಾ?”

ಒಳಗೆ ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಅವಳೇ ಸಮಾಧಾನ ಹೇಳಿದಳು. “ನೀ ಫೋನ್ ಕಟ್ ಮಾಡಿದಿ ನೋಡು, ಆಗ ತಿಳೀತು, ಮೀಟಿಂಗಿನ್ಯಾಗ ಇದ್ದೀ ಅಂತ. ತ್ರಾಸ ಯಾಕ ಕೊಡೂದು ಅಂತ ಮತ್ತ ಮಾಡ್ಲಿಲ್ಲ. ಚಾರ್ಜ್ ಉಳೀಲಿ ಅಂತ ಬಂದ್ ಮಾಡಿಟ್ಟೆ. ಭಾಳ ಕೆಲಸ ಇತ್ತೇನಪಾ?”

“ಹೌದವ್ವ” ಎಂದೆ. ಅಳು ಬಂತು, ಅವಳ ತಟ್ಟೆಯ ಚಟ್ನಿ ನೆಕ್ಕಿ ಖಾರವೆಂದು ಹೇಳಿ ನೀರು ಕುಡಿದೆ. ಮನೆ ಮುಟ್ಟಿದ ಕೂಡಲೇ ಆ ಆಟವನ್ನು ಅಳಿಸಿಹಾಕುವುದೆಂದು ನಿಶ್ಚಯಿಸಿದೆ.

ಅರ್ಧ ದಾರಿಯಲ್ಲಿ ಜೇಬಿನೊಳಗೆ ಮೊಬೈಲು ಕಿಣಿಕಿಣಿ ಎಂದಿತು. “ಎತ್ತಪಾ, ಆಫೀಸಿಂದು ಇರಬೇಕು. ನನ್ನ ಸಲುವಾಗಿ ಕೆಲಸ ಕೆಡಿಸ್ಕೋಬ್ಯಾಡ” ಎಂದಳು ಅವ್ವ ಹಿಂದಿನಿಂದ. ಸ್ಕೂಟರನ್ನು ಬದಿಗೆ ನಿಲ್ಲಿಸಿ ನೋಡಿದೆ. ‘ಇಂದಿನ ಉಚಿತ ಸುತ್ತು ನಿಮಗಾಗಿ ಕಾದಿದೆ!’ ಅವ್ವ ನನ್ನನ್ನೇ ಹೆಮ್ಮೆಯಿಂದ ನೋಡುತ್ತಿದ್ದಳು. ಮೊಬೈಲನ್ನು ಕಿವಿಗೆ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, “ಹಲೋ ಸರ್” ಎಂದೆ.